ಮೂರು ವರ್ಷ ಬಳಸಿದ ವಾಟ್ ಮೀಟರ್: ಯೂನಿಟ್ ಸರಿ, ಕಿಲೋ ಅನುಮಾನ

ಸಾಕೆಟ್‌ಗೆ ಸಿಕ್ಕಿಸಿ, ಅದರ ಮೇಲೆ ಉಪಕರಣದ ಪ್ಲಗ್ ಹಾಕುವ ಸಣ್ಣ ಮೀಟರ್ ಇದು. ನಾನು ಕೊಂಡದ್ದೇ ಅದರಲ್ಲಿದ್ದ ಒಂದು ಬಟನ್‌ಗಾಗಿ. ಒತ್ತಿದರೆ ಎಷ್ಟು ಕಿಲೋ ಕಾರ್ಬನ್ ಡೈಆಕ್ಸೈಡ್ ಆಯಿತು ಅಂತ ತೋರಿಸುತ್ತದೆ. ಮೂರು ವರ್ಷ ಆಯಿತು. ಮೀಟರ್ ಚೆನ್ನಾಗಿದೆ, ಆ ಬಟನ್ ಮಾತ್ರ ಸುಮ್ನೆ.

ಮೊದಲ ವಾರ ಮೊಬೈಲ್ ಚಾರ್ಜರ್ ಹಿಂದೆ ಬಿದ್ದೆ. ರಾತ್ರಿಯೆಲ್ಲ ಇಟ್ಟರೂ 0.02 ಯೂನಿಟ್ ದಾಟಲಿಲ್ಲ. ಚಾರ್ಜರ್ ಕಿತ್ತಿಡಿ ಅಂತ ಮನೆಯವರ ಮೇಲೆ ರೇಗಾಡಿದ್ದೆಲ್ಲ ದಂಡ! 2000 ವಾಟ್‌ನ ಹೀಟರ್ ಅರ್ಧ ಗಂಟೆಯಲ್ಲೇ ಒಂದು ಯೂನಿಟ್ ನುಂಗಿತು. ರಿಮೋಟ್‌ನಲ್ಲಿ ಆಫ್ ಮಾಡಿದ್ದ ಸೆಟ್ ಟಾಪ್ ಬಾಕ್ಸ್ ಸದ್ದಿಲ್ಲದೆ 10 ವಾಟ್ ಎಳೆಯುತ್ತಿತ್ತು. ವರ್ಷಕ್ಕೆ ಹತ್ತಿರ ಹತ್ತಿರ 88 ಯೂನಿಟ್. ಇಷ್ಟಕ್ಕೇ ಮೀಟರ್ ಕೊಂಡದ್ದು ಸಾರ್ಥಕ.

ಕಿಲೋ ಲೆಕ್ಕದ ತಕರಾರು ಬೇರೆ. ಕರೆಂಟ್ ಎಷ್ಟು ಹರಿಯಿತು ಅಂತ ಮೀಟರ್‌ಗೆ ಗೊತ್ತು, ಎಲ್ಲಿಂದ ಬಂತು ಅಂತ ಗೊತ್ತಿಲ್ಲ. ನನ್ನದರಲ್ಲಿ ಯೂನಿಟ್‌ಗೆ 0.5 ಕಿಲೋ ಅಂತ ಮೊದಲೇ ಕೂರಿಸಿದ್ದರು. ಕಲ್ಲಿದ್ದಲಿನ ಕರೆಂಟಾದರೆ ಅದು ಒಂದು ಕಿಲೋ ಹತ್ತಿರ. ಗ್ಯಾಸ್ ಸ್ಥಾವರದ್ದಾದರೆ 0.4ರ ಆಸುಪಾಸು. ನೀರು, ಗಾಳಿ, ಬಿಸಿಲಿನದ್ದಾದರೆ ಸುಡುವುದೇ ಇಲ್ಲ. ಸೆಟ್ಟಿಂಗ್‌ನಲ್ಲಿ ಬದಲಿಸಬಹುದು, ಆದರೆ ಕೈಪಿಡಿಯಲ್ಲಿ ಅದರ ಬಗ್ಗೆ ಒಂದೇ ಸಾಲು.

ಈ ಗೊಂದಲದಿಂದಲೇ ಉಳಿದ ಇಂಧನಗಳ ಲೆಕ್ಕಕ್ಕೂ ಕೂತೆ. ಒಂದು ಲೀಟರ್ ಪೆಟ್ರೋಲ್ ತೂಗುವುದು ಮುಕ್ಕಾಲು ಕಿಲೋ, ಸುಟ್ಟರೆ ಬರುವ ಕಾರ್ಬನ್ ಡೈಆಕ್ಸೈಡ್ 2.3 ಕಿಲೋ. ತಪ್ಪು ಲೆಕ್ಕ ಅಂದುಕೊಂಡೆ. ಅಲ್ಲ, 12 ಗ್ರಾಂ ಇಂಗಾಲಕ್ಕೆ ಗಾಳಿಯ 32 ಗ್ರಾಂ ಆಮ್ಲಜನಕ ಅಂಟಿಕೊಂಡು 44 ಗ್ರಾಂ ಆಗುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲ್ ಉಳಿಸಿದರೆ ನೂರಕ್ಕೂ ಜಾಸ್ತಿ ಸಲದ ಮೊಬೈಲ್ ಚಾರ್ಜ್ ಸರಿಹೋಯಿತು, ಅದೂ ಕಲ್ಲಿದ್ದಲಿನ ಕರೆಂಟಲ್ಲಿ!

ಕೆಟಲ್‌ನದ್ದು ಇನ್ನೂ ತಮಾಷೆ. ಒಂದು ಲೀಟರ್ ನೀರು ಕುದಿಯುವ ಹೊತ್ತಿಗೆ ಮೀಟರ್ 0.1 ಯೂನಿಟ್ ತೋರಿಸಿತು. ಕಲ್ಲಿದ್ದಲಿನ ಕರೆಂಟಾದರೆ ಹತ್ತಿರ ಹತ್ತಿರ 100 ಗ್ರಾಂ. ಅದೇ ನೀರಿಗೆ ಎಲ್‌ಪಿಜಿ ಒಲೆಯಲ್ಲಿ 15 ಗ್ರಾಂ ಗ್ಯಾಸ್ ಅಂದುಕೊಳ್ಳಿ, ಗ್ರಾಂಗೆ ಮೂರರಂತೆ 45 ಗ್ರಾಂ. ಒಲೆಯ ಅರ್ಧ ಶಾಖ ಪಾತ್ರೆಯ ಪಕ್ಕದಿಂದ ಹಾರಿಹೋದರೂ ಅದೇ ಗೆದ್ದಿತು. ಚಾವಣಿಯ ಸೋಲಾರ್‌ನಲ್ಲಿ ಕೆಟಲ್ ಇಟ್ಟರೆ ಫಲಿತಾಂಶ ತಲೆಕೆಳಗು. ಮೀಟರ್‌ನ ಬಟನ್‌ಗೆ ಮಾತ್ರ ಎರಡೂ ಒಂದೇ.

ಬೇರೆ ದೂರುಗಳು ಸಣ್ಣವು. ಒಂದು ವಾಟ್‌ಗಿಂತ ಕಡಿಮೆ ಇದ್ದರೆ ಸೊನ್ನೆ ತೋರಿಸುತ್ತದೆ. ಸಾಕೆಟ್ ನೆಲದ ಹತ್ತಿರ ಇದ್ದರೆ ಮಂಡಿಯೂರಿ ಓದಬೇಕು. ಒಳಗಿನ ಬಟನ್ ಸೆಲ್ ಎರಡನೇ ವರ್ಷ ಮುಗಿದು, ಐದು ತಿಂಗಳ ಫ್ರಿಜ್ ಲೆಕ್ಕ ಅಳಿಸಿಹೋಯಿತು. ಈಗ ತಿಂಗಳ ಮೊದಲ ದಿನ ಫ್ರಿಜ್ ಹಿಂದೆ ಕೈಹಾಕಿ ಫೋಟೋ ತೆಗೆದುಕೊಳ್ಳುತ್ತೇನೆ. ಅಂಕಿ ಯಾವಾಗಲೂ ತಲೆಕೆಳಗಾಗಿ ಬರುತ್ತದೆ.

5ಕ್ಕೆ 4. ಆ ಬಟನ್ ಇಲ್ಲದ ಮಾಡೆಲ್ ಸಿಕ್ಕರೆ ಅದನ್ನೇ ತಗೊಳ್ಳಿ.