ವೈಪರಾ, ಹಾರ್ನೆಟ್ಟಾ? ಒಂದೇ ಹ್ಯಾಟ್ ಇರುವ ಜಾಯ್‌ಸ್ಟಿಕ್ಕಿನವನ ಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನನಗೆ ಹಾರ್ನೆಟ್ಟೇ ಇಷ್ಟ. ಆದರೆ ಮೊದಲು ದುಡ್ಡು ಸುರಿದದ್ದು ವೈಪರಿಗೆ. ಎಡವಟ್ಟಾಗಿದ್ದು ಅಲ್ಲೇ.

ಡಿಸಿಎಸ್ ವರ್ಲ್ಡ್ ಅನ್ನುವ ಯುದ್ಧವಿಮಾನದ ಕಂಪ್ಯೂಟರ್ ಆಟ ಆಡುವವರಿಗೆ ಈ ಎರಡೂ ವಿಮಾನ ಹಳೇ ಪರಿಚಯ. ಎಫ್/ಎ-18 ಸಿ ಹಾರ್ನೆಟ್ 2018ರಲ್ಲಿ ಬಂತು, ಎಫ್-16 ಸಿ ವೈಪರ್ 2019ರಲ್ಲಿ. ಪೂರ್ತಿ ಬೆಲೆ ಎರಡಕ್ಕೂ ಹೆಚ್ಚುಕಡಿಮೆ 80 ಡಾಲರ್. ಸೇಲ್ ಬಂದಾಗ ಅರ್ಧಕ್ಕೂ ಸಿಗುವುದುಂಟು. ಯಲಹಂಕದ ಏರೋ ಇಂಡಿಯಾದಲ್ಲಿ ಎಫ್-16 ನೆಟ್ಟಗೆ ಆಕಾಶಕ್ಕೆ ಏರಿದ್ದನ್ನು ನೋಡಿದಾಗಿನಿಂದ ನನ್ನ ತಲೆಯಲ್ಲಿ ಅದೇ ಕೂತಿತ್ತು. ಸೇಲ್ ಬಂದದ್ದೇ ತಡ, ಕೊಂಡುಬಿಟ್ಟೆ. 14 ದಿನದ ಪುಕ್ಕಟೆ ಟ್ರಯಲ್ ಇದೆ ಅಂತ ಗೊತ್ತಿತ್ತು. ಆದರೂ ಮುಟ್ಟಲಿಲ್ಲ. ಇಷ್ಟಪಟ್ಟದ್ದಕ್ಕೆ ಟ್ರಯಲ್ ಯಾಕೆ ಅಂತ!

ಯಾವುದು ಎಷ್ಟು ವೇಗ, ಎಷ್ಟು ಮಿಸೈಲ್ ಹೊರುತ್ತದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಅದು ಎಲ್ಲ ಕಡೆ ಸಿಗುತ್ತದೆ. ನನ್ನ ತಕರಾರು ಹೆಬ್ಬೆರಳಿನದ್ದು.

ನನ್ನ ಜಾಯ್‌ಸ್ಟಿಕ್ಕಿನಲ್ಲಿ 12 ಬಟನ್, ಮೇಲೆ ಒಂದೇ ಒಂದು ಹ್ಯಾಟ್, ಅಂದರೆ ಹೆಬ್ಬೆರಳಿನಿಂದ ಬೇರೆ ಬೇರೆ ದಿಕ್ಕಿಗೆ ತಳ್ಳುವ ಪುಟ್ಟ ಸ್ವಿಚ್. ನಿಜವಾದ ವೈಪರಿನ ಸ್ಟಿಕ್ ಮೇಲೆ ಅಂಥ ಹ್ಯಾಟ್ ನಾಲ್ಕಿವೆ: ಟ್ರಿಮ್, ಟಿಎಂಎಸ್, ಡಿಎಂಎಸ್, ಸಿಎಂಎಸ್. ಒಂದೊಂದಕ್ಕೂ ನಾಲ್ಕು ದಿಕ್ಕು. ನಿಮ್ಮ ಕೈ ಯಾವ ಪರದೆಯನ್ನು ಆಡಿಸಬೇಕು ಅನ್ನುವುದನ್ನು ತೀರ್ಮಾನಿಸುವುದು ಡಿಎಂಎಸ್. ಆ ಪರದೆಯಲ್ಲಿ ಗುರಿಯನ್ನು ಹಿಡಿಯುವುದು, ಬಿಡುವುದು ಟಿಎಂಎಸ್. ನಾನು ಮಾಡಿದ್ದೇನೆಂದರೆ, ಹ್ಯಾಟ್ ಸುಮ್ನೆ ಒತ್ತಿದರೆ ಟಿಎಂಎಸ್, ಬುಡದ ಒಂದು ಬಟನ್ ಹಿಡಿದುಕೊಂಡು ಒತ್ತಿದರೆ ಡಿಎಂಎಸ್ ಅಂತ ಹೊಂದಿಸಿಕೊಂಡೆ. ಕಾಗದದ ಮೇಲೆ ಸರಿಯಾಗೇ ಇತ್ತು.

ಕಕ್ಕಡದ, ಅಂದರೆ ನಮ್ಮ ಕೊಡಗಿನ ಜೋರು ಮಳೆ ತಿಂಗಳಿನ, ಒಂದು ರಾತ್ರಿ. ಹೊರಗೆ ಮಳೆ, ಹೆಂಚಿನ ಸದ್ದಿಗೆ ಹೆಡ್‌ಫೋನಿನೊಳಗೂ ಏನೂ ಕೇಳುತ್ತಿಲ್ಲ. ಆಟದೊಳಗೆ ನಾನು ಜಾರ್ಜಿಯಾದ ಕೊಬುಲೆಟಿ ಹತ್ತಿರ, ಕಪ್ಪು ಸಮುದ್ರದ ದಂಡೆಯ ಮೇಲೆ. ಎದುರಿಗೆ ಎರಡು ಮಿಗ್-29. ಒಂದನ್ನು ಲಾಕ್ ಮಾಡಿದ್ದೆ. ಅದು ಬೆನ್ನು ತೋರಿಸಿ ಓಡತೊಡಗಿತು, ಇನ್ನೊಂದು ನನ್ನ ಕಡೆಗೆ ತಿರುಗಿತು. ಸರಿ, ಮೊದಲನೆಯದನ್ನು ಬಿಟ್ಟು ಎರಡನೆಯದನ್ನು ಹಿಡಿಯೋಣ ಅಂತ ಹ್ಯಾಟನ್ನು ಕೆಳಕ್ಕೆ ಒತ್ತಿದೆ. ಆದರೆ ಎಡಗೈ ಬೆರಳು ಬುಡದ ಬಟನ್ ಮೇಲೇ ಮರೆತು ಕೂತಿತ್ತು. ಲಾಕ್ ಬಿಡಲಿಲ್ಲ. ಬದಲಿಗೆ ಎಡಗಡೆ ರೇಡಾರ್ ಪರದೆಯ ಸುತ್ತ ಇದ್ದ ಚೌಕಟ್ಟು ಮಾಯವಾಗಿ ಬಲಗಡೆ ನಕ್ಷೆಯ ಪರದೆಗೆ ಹಾರಿತು. ನಾನು ಕರ್ಸರ್ ಎಳೆಯುತ್ತೇನೆ, ರೇಡಾರಿನಲ್ಲಿ ಅಲುಗುವುದೇ ಇಲ್ಲ. ಅದು ಪಕ್ಕದ ಪರದೆಯಲ್ಲಿ ಓಡಾಡುತ್ತಿದೆ! ಯಾಕಪ್ಪಾ ಅಂತ ನೋಡಿ, ಅರ್ಥ ಮಾಡಿಕೊಂಡು, ವಾಪಸ್ ಬರುವಷ್ಟರಲ್ಲಿ ಆಚೆಯಿಂದ ಮಿಸೈಲ್ ಬಂದಾಗಿತ್ತು.

ಒಂದು ಸಲ ಆದರೆ ನಗಬಹುದು. ವಾರಕ್ಕೆ ನಾಲ್ಕು ಸಲ ಆಯಿತು. ತಪ್ಪು ವೈಪರಿನದ್ದಲ್ಲ, ನನ್ನ ಸಾಮಾನಿನದ್ದು. ಆದರೆ ಸಾಯುವವನು ನಾನೇ ಅಲ್ವಾ.

ಮಡಿಕೇರಿಯಲ್ಲಿ ಚಿಕ್ಕಪ್ಪನ ಮಗ ಇದ್ದಾನೆ, ಮೊದಲಿನಿಂದಲೂ ಹಾರ್ನೆಟ್ ಗಿರಾಕಿ. ಅವನ ಹತ್ತಿರ ಗೋಳು ಹೇಳಿಕೊಂಡೆ. "ಅಣ್ಣಾ, ಒಂದು ಹ್ಯಾಟಿಗೆ ಹದಿನಾರು ಕೆಲಸ ಕೊಟ್ರೆ ಅದಾದ್ರೂ ಏನ್ ಮಾಡುತ್ತೆ?" ಅಂದ. "ಈ ಸಲನಾದ್ರೂ ಟ್ರಯಲ್ ತಗೋ."

ತಗೊಂಡೆ. ಹಾರ್ನೆಟ್ಟಿನ ಲೆಕ್ಕ ಬೇರೆ. ಅದರ ಸೆನ್ಸರ್ ಕಂಟ್ರೋಲ್ ಸ್ವಿಚ್ ಒಂದೇ ಒಂದು ಹ್ಯಾಟ್. ಎಡ ಪರದೆ ಬೇಕಾ, ಎಡಕ್ಕೆ ತಳ್ಳಿ. ಬಲದ್ದು ಬೇಕಾ, ಬಲಕ್ಕೆ. ನಡುವಿನದ್ದಕ್ಕೆ ಕೆಳಕ್ಕೆ. ಹತ್ತಿರದ ಕಾಳಗಕ್ಕೆ ಮೇಲಕ್ಕೆ. ಯಾವ ಪರದೆ ನಿಮ್ಮ ಕೈಯಲ್ಲಿದೆ ಅನ್ನುವುದಕ್ಕೆ ಅದರ ಮೂಲೆಯಲ್ಲಿ ಪುಟ್ಟ ವಜ್ರದ ಗುರುತು. ಹಿಡಿಯಲು ಒಂದು ಬಟನ್, ಬಿಡಲು ಇನ್ನೊಂದು. ಮುಗೀತು. ಮೂರನೇ ದಿನಕ್ಕೆ ಹೆಬ್ಬೆರಳು ತಾನಾಗೇ ಹೋಗುತ್ತಿತ್ತು. ಸೈಡ್‌ವೈಂಡರ್ ಮಿಸೈಲ್ ಆರಿಸಿದರೆ ವಿಮಾನ ತಾನೇ ಆಕಾಶ ಕಾಳಗದ ಮೋಡ್‌ಗೆ ಬರುತ್ತದೆ, ಅದಕ್ಕೊಂದು ಬೇರೆ ಗುಂಡಿ ಹುಡುಕಬೇಕಿಲ್ಲ.

ವೈಪರಿಗೆ ಸಲ್ಲಬೇಕಾದ್ದು ಸಲ್ಲಲಿ. ಥ್ರಾಟಲ್ ಮೇಲಿನ ಡಾಗ್‌ಫೈಟ್ ಸ್ವಿಚ್‌ನಂಥದ್ದು ಹಾರ್ನೆಟ್ಟಿನಲ್ಲಿ ಇಲ್ಲ. ಒಂದು ತಳ್ಳು, ಗನ್ನು, ಮಿಸೈಲು, ರೇಡಾರು ಮೂರೂ ಒಟ್ಟಿಗೆ ತಯಾರು. ಕೂತಲ್ಲಿಂದ ಕಾಣುವ ನೋಟವೂ ಅದರದ್ದೇ ಚಂದ, ಎದುರಿಗೆ ಗಾಜಿನ ಚೌಕಟ್ಟಿನ ಪಟ್ಟಿ ಅಡ್ಡ ಬರುವುದಿಲ್ಲ. ಜಾಗದ ಅಕ್ಷಾಂಶ ರೇಖಾಂಶ ಹೊಡೆಯಲೂ ವೈಪರೇ ಸಲೀಸು. ಹಾರ್ನೆಟ್ಟಿನಲ್ಲಿ ನಕ್ಷೆಯ ಪುಟ, ಅಲ್ಲಿಂದ ಡೇಟಾ, ಅಲ್ಲಿಂದ ಕೀಪ್ಯಾಡ್, ನಡುವೆ ಪ್ರಿಸೈಸ್ ಅನ್ನುವ ಬಟನ್ ಒತ್ತುವುದು ಮರೆತರೆ ಮತ್ತೆ ಮೊದಲಿಂದ. ತಾಲ್ಲೂಕು ಕಚೇರಿ ಸುತ್ತಿದ ಹಾಗೆ.

ತಲೆ ತಿರುಗಿಸಿದ ಕಡೆ ಗುರಿ ಹಿಡಿಯುವ ಹೆಲ್ಮೆಟ್ ಸೈಟ್ ಎರಡರಲ್ಲೂ ಇದೆ. ನಮ್ಮ ತಲೆ ಎತ್ತ ತಿರುಗಿತು ಅನ್ನುವುದನ್ನು ಆಟಕ್ಕೆ ತಿಳಿಸಲು ಹಳೇ ವೆಬ್‌ಕ್ಯಾಮ್, ಪುಕ್ಕಟೆ ಸಿಗುವ ಓಪನ್‌ಟ್ರ್ಯಾಕ್ ತಂತ್ರಾಂಶ ಇದ್ದರೆ ಸಾಕು.

ಒಂದೊಂದು ಸಲ ಅನಿಸುತ್ತದೆ, ಇಷ್ಟೆಲ್ಲ ಪರದೆ ಇದ್ದೂ ನಾವು ಒದ್ದಾಡುತ್ತೇವೆ. ನಮ್ಮ ಕೊಡಗಿನ ವಾಯುಪಡೆ ಪೈಲಟ್ ಅಜ್ಜಮಾಡ ದೇವಯ್ಯನವರು 1965ರ ಯುದ್ಧದಲ್ಲಿ ಪಾಕಿಸ್ತಾನದ ಸರ್ಗೋಧಾ ಮೇಲೆ ಒಂದು ಹಳೇ ಮಿಸ್ಟೇರ್ ವಿಮಾನದಲ್ಲಿ ಅವರ ಸ್ಟಾರ್‌ಫೈಟರ್ ವಿಮಾನವನ್ನೇ ಎದುರಿಸಿ ಹೊಡೆದುರುಳಿಸಿದರು. ವಾಪಸ್ ಬರಲಿಲ್ಲ. ಮಹಾವೀರ ಚಕ್ರ ಸಿಕ್ಕಿದ್ದು 1988ರಲ್ಲಿ. ಅವರ ಕೈಯಲ್ಲಿ ಇಂಥ ಹ್ಯಾಟೂ ಇರಲಿಲ್ಲ, ಪರದೆಯೂ ಇರಲಿಲ್ಲ.

ಈಗ ಹೊಸದಾಗಿ ಬಂದ ಕಾರ್ಟ್ರಿಜ್ ವಿಷಯ. ಡಿಟಿಸಿ ಅನ್ನುತ್ತಾರೆ. ಹಾರುವ ಮೊದಲೇ ರೇಡಿಯೊ ಚಾನೆಲ್, ಮಿಸೈಲಿನ ದಾರಿ ತಪ್ಪಿಸುವ ಫ್ಲೇರ್ ಬಿಡುವ ಲೆಕ್ಕ ಎಲ್ಲ ತುಂಬಿಟ್ಟು, ಕಾಕ್‌ಪಿಟ್ಟಿಗೆ ಬಂದು ಲೋಡ್ ಮಾಡುವುದು. ಒಂದೊಂದು ರೇಡಿಯೊದಲ್ಲೂ 20 ಚಾನೆಲ್, ಅಂಥ ರೇಡಿಯೊ ಎರಡು. ಮುಂಚೆ ಬೇರೆ ಫ್ರೀಕ್ವೆನ್ಸಿ ಬೇಕೆಂದರೆ ಕಾಕ್‌ಪಿಟ್ಟಿನಲ್ಲಿ ಕೂತು ಒಂದೊಂದೇ ಹೊಡೆಯಬೇಕಿತ್ತು. ಬೆಂಗಳೂರಿನಲ್ಲಿ ಕೂತವರಿಗೆ ಇದು ಸಣ್ಣ ಅನುಕೂಲ ಇರಬಹುದು. ನಮ್ಮಲ್ಲಿ ಮಳೆಗಾಲದಲ್ಲಿ ಸಿಲ್ವರ್ ಮರ ಲೈನ್ ಮೇಲೆ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ನನ್ನ ಯುಪಿಎಸ್ ತಡೆಯುವುದು ಇಪ್ಪತ್ತು ನಿಮಿಷ. ವೈಪರಿನ ನ್ಯಾವಿಗೇಶನ್ ಪೂರ್ತಿ ಹೊಂದಿಕೊಳ್ಳಲೇ ಎಂಟು ನಿಮಿಷ ಬೇಕು. ಅದರ ಮೇಲೆ ಚಾನೆಲ್ ಹೊಡೆಯುತ್ತಾ ಕೂತರೆ ಟೇಕಾಫ್ ಆಗುವುದರೊಳಗೆ ಯುಪಿಎಸ್ ಕಿರುಚತೊಡಗುತ್ತದೆ. ಈಗ ಕರೆಂಟ್ ಹೋಗಿ ಬಂದರೂ ತುಂಬಿಟ್ಟದ್ದು ಹಾಗೇ ಇರುತ್ತದೆ. ವೈಪರಿನಲ್ಲಿ ಡಿಟಿಇ ಪುಟದಿಂದ ಲೋಡ್, ಹಾರ್ನೆಟ್ಟಿನಲ್ಲಿ ಮುಮಿ ಪುಟದಿಂದ. ಈ ವಿಷಯದಲ್ಲಿ ಇಬ್ಬರೂ ಸಮ.

ಟ್ರಯಲ್ ಮುಗಿದ ಮಾರನೇ ಸೇಲಿಗೆ ಹಾರ್ನೆಟ್ ಕೊಂಡೆ. ನಿಮ್ಮ ಹತ್ತಿರ ಮೂರು ನಾಲ್ಕು ಹ್ಯಾಟ್ ಇರುವ ಸ್ಟಿಕ್ ಇದ್ದರೆ ನನ್ನ ಮಾತು ಬಿಡಿ, ಧೈರ್ಯವಾಗಿ ವೈಪರ್ ತಗೊಳ್ಳಿ. ನನ್ನ ಹಾಗೆ ರಾತ್ರಿ ಒಂಬತ್ತರ ಮೇಲೆ ಒಂದು ಗಂಟೆ ಆಡುವವರು, ಹಳೇ ಸಾಮಾನಿನವರು ಹಾರ್ನೆಟ್ ನೋಡಿ. ವೈಪರ್ ಮಾರಲು ಆಗುವುದಿಲ್ಲ, ಇದೆ. ಭಾನುವಾರ ಸುಮ್ನೆ ಕಣಿವೆಯೊಳಗೆ ಸುತ್ತಿಸಿ ಇಳಿಸುತ್ತೇನೆ. ಒಳ್ಳೇ ಸ್ಟಿಕ್ಕಿನ ಬೆಲೆ ವಿಚಾರಿಸಿದೆ. ಈ ಸಲದ ಕರಿಮೆಣಸು ಮಾರಿದ ಮೇಲೆ ನೋಡೋಣ ಅಂದಿದ್ದೇನೆ. ಹೆಂಡತಿ ಫ್ರಿಜ್ ಅನ್ನುತ್ತಿದ್ದಾಳೆ.