ಒಂದೇ ‘ಮೋನಿನ್’, ಎರಡು ತಟ್ಟೆ, ಒಂದು ಓರೆ ತೂತು

ಹಳೆಯ ಜಾಝ್ ಆಲ್ಬಂಗಳನ್ನು ಮತ್ತೆ ಗ್ರಾಮಫೋನ್ ತಟ್ಟೆಗಳಾಗಿ (ಎಲ್.ಪಿ.) ಅಚ್ಚು ಹಾಕುತ್ತಾರಲ್ಲ, ಅವುಗಳಲ್ಲಿ ಯಾವುದು ಕೊಳ್ಳಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಅಮೆರಿಕದ ಜಾಝ್ ಕಂಪನಿ ಬ್ಲೂ ನೋಟ್‌ನ ‘ಕ್ಲಾಸಿಕ್ ವಿನೈಲ್’ ಸರಣಿಗೆ. ಆದರೆ ಅದನ್ನು ತರಿಸುವ ಮುಂಚೆ ಅಗ್ಗಕ್ಕೆ ಆಸೆಪಟ್ಟು 1,500 ರೂಪಾಯಿ ಕಳೆದುಕೊಂಡೆ.

ಡ್ರಮ್ ವಾದಕ ಆರ್ಟ್ ಬ್ಲೇಕಿಯ ಆಲ್ಬಂ ‘ಮೋನಿನ್’ ರೆಕಾರ್ಡ್ ಆದದ್ದು 1958ರ ಅಕ್ಟೋಬರ್ 30ರಂದು, ರೆಕಾರ್ಡಿಂಗ್ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ ತನ್ನ ಅಪ್ಪ-ಅಮ್ಮನ ಮನೆಯ ಪಡಸಾಲೆಯಲ್ಲೇ ಮಾಡಿಕೊಂಡಿದ್ದ ಸ್ಟುಡಿಯೋದಲ್ಲಿ. ಯುರೋಪಿನಲ್ಲಿ 1963ಕ್ಕಿಂತ ಮುಂಚೆ ಬಿಡುಗಡೆಯಾದ ರೆಕಾರ್ಡಿಂಗ್‌ಗಳ ಹಕ್ಕು ಮುಗಿದಿದೆ. ಹಾಗಾಗಿ ಅಲ್ಲಿ ಯಾರು ಬೇಕಾದರೂ ಇವನ್ನು ಅಚ್ಚು ಹಾಕಬಹುದು. ಮೂಲ ಟೇಪು ಅವರ ಕೈಗೆ ಸಿಗುವುದಿಲ್ಲ, ಸಾಮಾನ್ಯವಾಗಿ ಸಿ.ಡಿ.ಯೋ ಇನ್ಯಾವುದೋ ಡಿಜಿಟಲ್ ಫೈಲೋ ಸಾಕು. ನಾನು ಮೊದಲು ತರಿಸಿದ್ದು ಅಂಥದ್ದೇ ಒಂದು.

ಬೆಳಗಾವಿಯ ವಡಗಾವಿಯಲ್ಲಿರುವ ನಮ್ಮ ಮನೆ ಪಕ್ಕ ಮಗ್ಗಗಳಿವೆ. ರಾತ್ರಿ ಒಂಬತ್ತಕ್ಕೆ ಅವು ನಿಂತ ಮೇಲೆ ತಟ್ಟೆ ಹಾಕಿದೆ. ಬಾಬಿ ಟಿಮನ್ಸ್‌ನ ಪಿಯಾನೋ ಶುರುವಾಯಿತು. ಏನೋ ಸರಿ ಇಲ್ಲ ಅನ್ನಿಸಿತು, ಏನು ಅಂತ ಗೊತ್ತಾಗಲಿಲ್ಲ. ಅಪ್ಪ ಭಜನೆಗೆ ಪೇಟಿ ಬಾರಿಸುವವರು. ಮೂರನೆಯ ಹಾಡಿಗೆ ಒಳಗಿನಿಂದಲೇ ಕೂಗಿದರು: “ಆ ದೊಡ್ಡ ಪೇಟಿ ಸ್ವರ ಯಾಕೋ ತೂಗಾಡಾಕತ್ತೈತಲ್ಲೋ, ಸೂಜಿ ಕೆಟ್ಟೈತೇನು?”

ಸೂಜಿ ಹೊಸದು. ಬಗ್ಗಿ ನೋಡಿದರೆ ಸೂಜಿ ಹಿಡಿದ ಕಡ್ಡಿ, ಅಂದರೆ ಟೋನ್‌ಆರ್ಮ್ ಎಡಕ್ಕೆ ಬಲಕ್ಕೆ ತೂಗುತ್ತಿತ್ತು. ಪಕ್ಕಕ್ಕೆ ಸ್ಕೇಲು ಹಿಡಿದೆ, ಹೆಚ್ಚು ಕಡಿಮೆ ಒಂದು ಮಿಲಿಮೀಟರ್ ಆಚೆ ಈಚೆ. ಅಂದರೆ ನಡುವಿನ ತೂತು ಅರ್ಧ ಮಿಲಿಮೀಟರ್ ಓರೆ. ಇಷ್ಟಕ್ಕೇನು ಅನ್ನಬೇಡಿ. ತಟ್ಟೆ ಒಂದು ಸುತ್ತಿಗೆ 1.8 ಸೆಕೆಂಡ್ ತಗೊಳ್ಳುತ್ತದೆ, ಅಷ್ಟರೊಳಗೆ ಸ್ವರ ಒಮ್ಮೆ ಏರಿ ಒಮ್ಮೆ ಇಳಿಯುತ್ತದೆ. ಸೂಜಿ ಒಳಕ್ಕೆ ಹೋದಂತೆ ಸುತ್ತು ಸಣ್ಣದಾಗುತ್ತದೆ, ಅದೇ ಅರ್ಧ ಮಿಲಿಮೀಟರ್ ಅಲ್ಲಿ ದೊಡ್ಡ ತಪ್ಪು. ಅದಕ್ಕೇ ಎ ಬದಿಯ ಕೊನೆಯ ‘ಅಲಾಂಗ್ ಕೇಮ್ ಬೆಟ್ಟಿ’ಯಲ್ಲಿ ತೀರಾ ಹಿಂಸೆ. ತಂಬೂರಿ ಕೇಳಿ ಬೆಳೆದ ಕಿವಿಗೆ ಷಡ್ಜ ಅಲುಗಿದರೆ ಹೇಗಿರುತ್ತದೆ, ಹೇಳಿ!

ಮಾರಿದವರು ಬದಲಿ ಕಳಿಸಿದರು. ಅದೂ ಹಾಗೇ. ಎರಡನೆಯ ಸಲ ಕೇಳಿದ್ದಕ್ಕೆ “ಇದು ದೋಷದ ಲೆಕ್ಕಕ್ಕೆ ಬರುವುದಿಲ್ಲ” ಅಂದರು. ಕೊನೆಗೆ ಉದ್ಯಮಬಾಗದಲ್ಲಿ ಲೇಥ್ ಇಟ್ಟಿರುವ ಗೆಳೆಯನ ಹತ್ತಿರ ಒಯ್ದೆ. ಗುಂಡು ಅರದಿಂದ ತೂತನ್ನು ಚೂರು ಅಗಲ ಮಾಡಿಕೊಟ್ಟ. ಈಗ ಎ ಬದಿ ಹಾಕುವಾಗಲೆಲ್ಲ ತಟ್ಟೆಯನ್ನು ಬೆರಳಲ್ಲಿ ತಟ್ಟಿ ತಟ್ಟಿ, ಆರ್ಮ್ ತೂಗುವುದು ನಿಲ್ಲುವವರೆಗೆ ಸರಿಸಬೇಕು. ಐದು ನಿಮಿಷದ ಪೂಜೆ. ತಮಾಷೆ ಏನಂದರೆ ಬಿ ಬದಿಯಲ್ಲಿ ಈ ತೊಂದರೆ ಇರಲೇ ಇಲ್ಲ. ಎರಡು ಬದಿಗೂ ಅಚ್ಚು ಬೇರೆ ಬೇರೆ, ಓರೆ ಕೂತದ್ದು ಎ ಬದಿಯದು ಮಾತ್ರ.

ದುಬಾರಿ ತಟ್ಟೆಯ ತೂತೂ ಓರೆ ಇರಬಹುದು, ಅದು ಅವರವರ ನಸೀಬು. ಆದರೆ ಸ್ವರ ನೆಟ್ಟಗಾದ ಮೇಲೂ ಆ ಅಗ್ಗದ ತಟ್ಟೆಯಲ್ಲಿ ಬ್ಲೇಕಿಯ ಸಿಂಬಲ್ ಸ್ಟೀಲ್ ತಾಟು ಬಡಿದ ಹಾಗೇ ಕೇಳುತ್ತಿತ್ತು. ಅದಕ್ಕೆ ಅರ ಹಾಕಲಾದೀತೇ?

ಕ್ಲಾಸಿಕ್ ವಿನೈಲ್‌ಗೆ ನಾನು ಕೊಟ್ಟಿದ್ದು 3,100. ಕೆವಿನ್ ಗ್ರೇ ಅನ್ನುವ ಎಂಜಿನಿಯರ್ ಮೂಲ ಟೇಪಿನಿಂದಲೇ ಮಾಸ್ಟರಿಂಗ್ (ಟೇಪಿನ ಸದ್ದನ್ನು ತಟ್ಟೆಗೆ ಹದಮಾಡಿ ಇಳಿಸುವ ಕೆಲಸ) ಮಾಡಿದ್ದು, ಅಚ್ಚಾದದ್ದು ಜರ್ಮನಿಯ ಆಪ್ಟಿಮಲ್ ಕಾರ್ಖಾನೆಯಲ್ಲಿ. ಡ್ರಮ್ ರೋಲ್ ಏರುವಾಗ ಚರ್ಮದ ಬಿಗಿ, ಕಟ್ಟಿಗೆಯ ಸದ್ದು ಎರಡೂ ಗೊತ್ತಾಗುತ್ತವೆ. ಲೀ ಮಾರ್ಗನ್‌ನ ಟ್ರಂಪೆಟ್ ಕಿವಿಗೆ ಚುಚ್ಚುವುದಿಲ್ಲ. ಕವರು ಸಾದಾ. ಅಪ್ಪ ಏನೂ ಕೂಗಲಿಲ್ಲ, ಅದೇ ಸರ್ಟಿಫಿಕೇಟು.

ಇನ್ನು ‘ಟೋನ್ ಪೊಯೆಟ್’, ಬ್ಲೂ ನೋಟ್‌ನದೇ ಇನ್ನೂ ದುಬಾರಿ ಸರಣಿ. ಗೆಳೆಯನ ಹತ್ತಿರ ಅದರಲ್ಲಿ ಬಂದ, ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್‌ನ ‘ಬ್ಲೂ ಟ್ರೇನ್’ ಮೋನೋ ಇದೆ. ಒಂದು ವಾರ ಮನೆಗೆ ತಂದು ಕೇಳಿದೆ. ಕವರು ದಪ್ಪ, ಬಿಚ್ಚಿದರೆ ಒಳಗೆ ಫೋಟೋಗಳು, ತಟ್ಟೆಯಲ್ಲಿ ಚಿಟಪಟ ಇಲ್ಲವೇ ಇಲ್ಲ. ಆಲ್ಬಂ ಬೇರೆ, ಹಾಗಾಗಿ ಪಕ್ಕಾ ಹೋಲಿಕೆ ಅಲ್ಲ. ಆದರೆ ಮಾಸ್ಟರಿಂಗ್ ಮಾಡಿದ್ದು ಅದೇ ಕೆವಿನ್ ಗ್ರೇ. ಹೆಚ್ಚಿನ ದುಡ್ಡೆಲ್ಲ ಕವರಿಗೆ ಮತ್ತು ಆ ನಿಶ್ಶಬ್ದಕ್ಕೆ. ಮಗ್ಗದ ಓಣಿಯಲ್ಲಿ ಕೂತು ನಿಶ್ಶಬ್ದಕ್ಕೆ ದುಡ್ಡು ಕೊಡುವುದು ನನ್ನ ಬಜೆಟ್ಟಿಗೆ ಒಗ್ಗುವುದಿಲ್ಲ. ಎರಡು ತಿಂಗಳಿಗೊಂದು ತಟ್ಟೆ ಕೊಳ್ಳುವವನು ನಾನು.

ಅಗ್ಗದ್ದನ್ನು ಇನ್ನೂ ಮಾರಿಲ್ಲ. ಹಗಲು ಮಗ್ಗ ಓಡುವಾಗ ಅದರ ಬಿ ಬದಿ ಹಾಕುತ್ತೇನೆ. ‘ಬ್ಲೂಸ್ ಮಾರ್ಚ್’ ಬಂದಾಗ ಪಕ್ಕದ ಮನೆಯ ಮಗ್ಗವೂ ತಾಳ ಹಾಕಿದ ಹಾಗೆ ಕೇಳಿಸುತ್ತದೆ.