ನಾನೂರು ಮತವೋ, ಹದಿನಾರು ಮತವೋ?

ಅಮೆರಿಕದಲ್ಲಿರುವ ಗೆಳೆಯರೊಬ್ಬರು ತಮ್ಮ ಕ್ರಿಕೆಟ್ ಕ್ಲಬ್ಬಿನಲ್ಲಿ ಹಳೆಯ ಆಟಗಾರರಿಗೆ ಗೌರವ ಫಲಕ ಹಾಕಿಸಬೇಕಂತೆ. ಅಲ್ಲಿನ ಕೂಪರ್ಸ್‌ಟೌನ್ ಊರಿನ ಬೇಸ್‌ಬಾಲ್ ಹಾಲ್ ಆಫ್ ಫೇಮ್‌ಗೆ, ಅಂದರೆ ಬೇಸ್‌ಬಾಲ್ ದಿಗ್ಗಜರ ಗೌರವ ಭವನಕ್ಕೆ, ಆಯ್ಕೆಯಾಗಲು ಎರಡು ದಾರಿ ಇವೆಯಲ್ಲ, ಯಾವುದನ್ನು ಹಿಡಿಯಲಿ ಅಂತ ಕೇಳಿದರು.

ಎರಡರಲ್ಲೂ ಶೇ. 75 ಮತ ಬೇಕು. ಹೋಲಿಕೆ ಅಲ್ಲಿಗೇ ಮುಗಿಯಿತು.

ಮೊದಲನೆಯದು ಸುಮಾರು 400 ಕ್ರೀಡಾ ಬರಹಗಾರರ ಮತ. ಒಬ್ಬರು 10 ಹೆಸರಿನವರೆಗೂ ಗುರುತು ಹಾಕಬಹುದು. ಆಟಗಾರ ಪಟ್ಟಿಯಲ್ಲಿ 10 ವರ್ಷ ಉಳಿಯಬಹುದು, ಶೇ. 5ಕ್ಕಿಂತ ಕಡಿಮೆ ಬಂತೋ, ಹೆಸರು ಹೊರಗೆ. ಲ್ಯಾರಿ ವಾಕರ್ 2020ರಲ್ಲಿ, ಹತ್ತನೆಯ ಮತ್ತು ಕೊನೆಯ ಸಲ, ಶೇ. 76.6 ಪಡೆದು ಒಳಗೆ ಬಂದರು. ತಾಳ್ಮೆ ಜಾಸ್ತಿ ಬೇಕು, ಆದರೆ ಒಬ್ಬರ ಹಟ ಇಲ್ಲಿ ನಡೆಯಲ್ಲ. 2025ರಲ್ಲಿ ಜಪಾನಿನ ಆಟಗಾರ ಇಚಿರೊಗೆ 394ರಲ್ಲಿ 393 ಮತ ಬಿತ್ತು. ಆ ಒಬ್ಬರು ಯಾರಪ್ಪಾ!

ಎರಡನೆಯದು 16 ಜನರ ಸಮಿತಿ. ಅವರ ಮುಂದೆ 8 ಹೆಸರು, ಒಬ್ಬ ಸದಸ್ಯರು ಹಾಕಬಹುದಾದ್ದು 3 ಮತ, ಗೆಲ್ಲಲು 12 ಮತ ಬೇಕು. ಕೆಲಸ ಬೇಗ ಮುಗಿಯುತ್ತದೆ, ಆದರೆ ಸ್ನೇಹದ ಮಾತು ಬರುತ್ತದೆ. ಬರಹಗಾರರಿಂದ ಶೇ. 7 ಕೂಡ ದಾಟದ ಹೆರಾಲ್ಡ್ ಬೇನ್ಸ್ 2018ರಲ್ಲಿ ಸರಿಯಾಗಿ 12 ಮತ ಪಡೆದರು. ಅವರ ಹಳೆಯ ಮ್ಯಾನೇಜರ್ ಸಮಿತಿಯಲ್ಲೇ ಇದ್ದರು!

ಸದಸ್ಯರು ನೂರಾರು, ಆಟ ನೋಡಿದವರೂ ಬಹಳ ಮಂದಿ ಅಂದರೆ ಮೊದಲನೆಯದು ಸರಿ. ಮೂವತ್ತು ಜನರ ಕ್ಲಬ್ಬಿಗೆ ಸಮಿತಿಯೇ ಸಲೀಸು. ಅಂಪೈರುಗಳನ್ನೂ ಗೌರವಿಸಬೇಕಾ? ಆಗಲೂ ಸಮಿತಿಯೇ, ಕೂಪರ್ಸ್‌ಟೌನ್‌ನಲ್ಲಿ ಬರಹಗಾರರ ಪಟ್ಟಿಗೆ ಆಟಗಾರರು ಮಾತ್ರ ಬರುತ್ತಾರೆ.